ಮೂವತ್ತೇಳನೆಯ ಮಹಡಿ

ಭಾನುವಾರ ಬೆಳಿಗ್ಗೆ ಹತ್ತು ಗಂಟೆ ಇಪ್ಪತ್ತು ನಿಮಿಷಕ್ಕೆ ಹಳೆಯ ಗೇಮ್ ಕಾರ್ಟ್ರಿಜ್ಜಿನೊಳಗಿನ ಬ್ಯಾಟರಿಯನ್ನು ತಮ್ಮ ಕತ್ತರಿಸಿ ತೆಗೆದು ಸ್ಟೀಲ್ ತಟ್ಟೆಗೆ ಹಾಕಿದ. ಅದರೊಂದಿಗೆ ಮೂವತ್ತನಾಲ್ಕು ವರ್ಷದ ಒಂದು ಜಗಳದ ಏಕೈಕ ಸಾಕ್ಷಿಯೂ ಹೋಯಿತು.

ಬೇಕೆಂದು ಮಾಡಿದ್ದಲ್ಲ. ಅವನು ಇಪ್ಪತ್ತೆರಡು ವರ್ಷದಿಂದ ಗಡಿಯಾರ ರಿಪೇರಿ ಮಾಡುವವನು. ನಿಂತುಹೋದ ವಾಚು ಮೇಜಿಗೆ ಬಂದರೆ ಮೊದಲು ಹಿಂಬದಿಯ ಮುಚ್ಚಳ, ಆಮೇಲೆ ಹಳೆಯ ಸೆಲ್ಲು, ಮಿಕ್ಕ ಮಾತು ಆಮೇಲೆ. ಕಾರ್ಟ್ರಿಜ್ಜಿನ ತಾಮ್ರದ ಹಲ್ಲುಗಳನ್ನು ಒರೆಸಿ ಕೊಡುವುದಷ್ಟೇ ಅವನಿಗೆ ಒಪ್ಪಿಸಿದ ಕೆಲಸ. ಮುಚ್ಚಳ ತೆಗೆದಾಗ ಒಳಗೆ ನಾಣ್ಯದಂಥ ಸೆಲ್ಲು ಕಂಡಿತು. ಮೀಟರು ಹಚ್ಚಿ ನೋಡಿದ. ಮೂರು ವೋಲ್ಟ್ ಇರಬೇಕಾದಲ್ಲಿ ಎರಡು ಪಾಯಿಂಟ್ ನಾಲ್ಕು ಇತ್ತು. ಕೈ ತಾನಾಗಿ ಕಟರ್ ಹಿಡಿಯಿತು.

ಮೇಜಿನ ಎದುರು ಬದಿಯಲ್ಲಿ ಅಕ್ಕ ಕನ್ನಡಕ ಏರಿಸಿಕೊಂಡು, ಹೊಸದಾಗಿ ತರಿಸಿದ್ದ, ಕಾರ್ಟ್ರಿಜ್ ಓದುವ ರೀಡರ್ ಯಂತ್ರದ ಸೂಚನಾ ಹಾಳೆಯನ್ನು ಗಟ್ಟಿಯಾಗಿ ಓದುತ್ತಿದ್ದಳು.

"ನಾಲ್ಕನೇದು. ಒಳಗಿನ ಬ್ಯಾಟರಿಯನ್ನು ಮೊದಲು ತೆಗೆಯಬಾರದು. ತೆಗೆದರೆ ಉಳಿಸಿಟ್ಟ ಆಟ ಅಳಿಸಿಹೋಗುತ್ತದೆ." ಓದಿ ತಲೆ ಎತ್ತಿದಳು. ತಟ್ಟೆ ನೋಡಿದಳು.

"ಅದನ್ನ ಒಂದನೇದು ಅಂತ ಬರೀಬೇಕಿತ್ತು," ಅಂದ ತಮ್ಮ.

ಕಿಟಕಿಯ ಪಕ್ಕದ ಕುರ್ಚಿಯಲ್ಲಿದ್ದ ಮಾವ ಪೇಪರು ಕೆಳಗಿಳಿಸಿದ. ಅವನು ಅಮ್ಮನ ಅಣ್ಣ. ನಿವೃತ್ತ ಬಸ್ ಕಂಡಕ್ಟರ್, ವಯಸ್ಸು ಎಪ್ಪತ್ತನಾಲ್ಕು. ಅಂದು ಮುಂಜಾನೆಯ ಬಸ್ಸಿಗೇ ಬಂದು ಕೂತಿದ್ದ.

"ಹೋಯ್ತಾ?" ಎಂದು ಕೇಳಿದ. ಬಗ್ಗಿ ತಟ್ಟೆ ನೋಡಿದ. "ಹೋಯ್ತು! ಲೇ ಗಡಿಯಾರ, ನೂರು ವರ್ಷ ಬಾಳು ಕಣೋ. ಸೋದರಳಿಯ ಅಂದ್ರೆ ಹೀಗಿರ್ಬೇಕು."

ಜಗಳ ಇಷ್ಟೇ. ಮೂವತ್ತನಾಲ್ಕು ವರ್ಷದ ಹಿಂದೆ ಈ ಮನೆಗೆ ಟಿವಿಗೆ ಜೋಡಿಸುವ ಒಂದು ಗೇಮ್ ಯಂತ್ರ ಬಂದಿತ್ತು, ಜೊತೆಗೆ ಅದಕ್ಕೆ ಸಿಕ್ಕಿಸುವ ಒಂದು ಕಾರ್ಟ್ರಿಜ್ಜಿನಲ್ಲಿ ಒಂದೇ ಒಂದು ಆಟ. ಎಣ್ಣೆಯ ಡಬ್ಬಿ ಹಿಡಿದ ಕುಳ್ಳನೊಬ್ಬ ಅರವತ್ತು ಮಹಡಿಯ ದೀಪಸ್ತಂಭ ಹತ್ತಿ, ತುದಿಯಲ್ಲಿ ದೀಪ ಹಚ್ಚಬೇಕು. ಮೂವತ್ತೇಳನೆಯ ಮಹಡಿಯಲ್ಲಿ ಒಬ್ಬ ಕಾವಲುಗಾರ ಬಾಗಿಲಿಗೆ ಅಡ್ಡ ನಿಂತಿರುತ್ತಾನೆ. ಮಕ್ಕಳು ಅವನನ್ನು ದಾಟಲಿಲ್ಲ. ಒಂದು ದಿನ ಸಂಜೆ ಅವರು ಶಾಲೆಯಿಂದ ಬಂದಾಗ ಅಮ್ಮ, "ನಾನು ದೀಪ ಹಚ್ಚಿದೆ," ಅಂದಳು. ಮುಂದಿನ ಭಾನುವಾರ ಬಂದ ಮಾವ, "ಅವಳಲ್ಲ, ಹಚ್ಚಿದ್ದು ನಾನು," ಅಂದ. ಯಾರದು ನಿಜ ಎಂದು ತೆರೆದು ನೋಡುವ ಮೊದಲೇ ಯಂತ್ರ ಸುಟ್ಟುಹೋಗಿ ಗುಜರಿಗೆ ಸೇರಿತು. ಕಾರ್ಟ್ರಿಜ್ ಮಾತ್ರ ಅಮ್ಮನ ಗುಂಡಿ ಡಬ್ಬಿಯ ತಳದಲ್ಲಿ, ಬಿಲ್ಲಿನ ಸಮೇತ ಉಳಿಯಿತು. ಆಟ ಆಡಿದವರ ಹೆಸರು, ಏರಿದ ಮಹಡಿ, ಎಲ್ಲವೂ ಅದರೊಳಗೇ ಇತ್ತು.

ಅಮ್ಮ ಹೊಲಿಗೆಯವಳು. ಎರಡು ಯಂತ್ರ, ಬಾಗಿಲಲ್ಲಿ ಸದಾ ಒಬ್ಬರಲ್ಲ ಒಬ್ಬರು ಗಿರಾಕಿ. ಅವಳಿಗೆ ಆಟಕ್ಕೆಲ್ಲಿ ಹೊತ್ತು ಎಂದು ಜನ ನಕ್ಕರು. ಮಾವನಿಗೆ ಗಂಟಲಿತ್ತು. ಹತ್ತು ಜನ ಸೇರಿದಲ್ಲಿ ಕಥೆ ಹೇಳುತ್ತಿದ್ದ: "ಮೂವತ್ತೇಳರಲ್ಲಿ ಆ ಕಾವಲುಗಾರ ಬಂದ ನೋಡಿ. ಎಣ್ಣೆ ಡಬ್ಬೀಲಿ ಬಿಟ್ಟೆ ಒಂದು. ಅಂಗಾತ ಬಿದ್ದ!" ಅಪ್ಪ ಬದುಕಿರುವವರೆಗೆ ಇಬ್ಬರ ಮಾತಿಗೂ ತಲೆಯಾಡಿಸಿದರು. ವರ್ಷ ಕಳೆದಂತೆ ಅಮ್ಮ ಹೇಳುವುದನ್ನೇ ಬಿಟ್ಟಳು. ಎರಡು ತಿಂಗಳ ಹಿಂದೆ, ತನಗೆ ಎಪ್ಪತ್ತು ತುಂಬಿದ ದಿನ, ಮಾವ ಮತ್ತೆ ಕಥೆ ತೆಗೆದಾಗ ಅವಳು ಮಗಳ ಕಿವಿಯಲ್ಲಿ ಅಂದಳು: "ಪುಟ್ಟಿ, ನಾನು ಸಾಯೋದ್ರೊಳಗೆ ಒಂದು ಸಲ ಅದನ್ನ ತೆಗೆದು ತೋರಿಸು."

ಪುಟ್ಟಿಗೆ ನಲವತ್ತೊಂಬತ್ತು ವರ್ಷ. ಅವಳು ನ್ಯಾಯಾಲಯದ ನಕಲು ವಿಭಾಗದಲ್ಲಿದ್ದಾಳೆ. ಮೂಲ ಕಾಗದ ಎದುರಿಗಿಟ್ಟುಕೊಂಡು ಸಾಲು ಸಾಲು ಹೋಲಿಸಿ, 'ನಕಲು ಸರಿಯಾಗಿದೆ' ಎಂದು ಸಹಿ ಹಾಕುವುದು ಇಪ್ಪತ್ತಾರು ವರ್ಷದ ಕೆಲಸ. ಹಳೆಯ ಯಂತ್ರದ ಹಾಗೆ ನಡೆದುಕೊಳ್ಳುವ ಎಮ್ಯುಲೇಟರ್ ಎಂಬ ತಂತ್ರಾಂಶವಿದೆ, ಅದು ಕಂಪ್ಯೂಟರಿನಲ್ಲೇ ಓಡುತ್ತದೆ ಎಂದು ಅವಳಿಗೆ ತಿಳಿದು ಒಂದು ತಿಂಗಳಾಗಿತ್ತು. ಆಗಲೂ ಮಾವ ಫೋನು ಎತ್ತಿ ತೋರಿಸಿದ್ದ.

"ಅಲ್ಲಾ ಕಣೇ ಜೆರಾಕ್ಸು, ಇದಕ್ಕೆ ಯಂತ್ರ ಯಾಕೆ ತರಿಸ್ತೀಯ? ಆಟ ಇಂಟರ್ನೆಟ್ಟಲ್ಲಿ ಬಿಟ್ಟಿ ಬಿದ್ದಿದೆ. ಹತ್ತು ಸೆಕೆಂಡು."

"ಯಾರು ಹಾಕಿದ್ದು ಮಾವ?"

"ಯಾರೋ."

"ಆ ಯಾರಿಗೆ ಯಾರು ಕೊಟ್ಟಿದ್ದು?"

"ನಿನ್ನ ಕಟ್ಕೊಂಡೋನು ಪುಣ್ಯವಂತ," ಎಂದು ಮಾವ ಫೋನು ಜೇಬಿಗಿಟ್ಟ.

ಅವಳು ಮೊದಲು ಆಟ ಮಾಡಿದ ಕಂಪನಿಗೆ ಬರೆದಳು. ಹಳೆಯ ಆಟಗಳನ್ನು ಕೆಲವರು ಈಗಲೂ ಹೊಸ ರೂಪದಲ್ಲಿ ಮಾರುತ್ತಾರೆ, ಇದ್ದರೆ ಕೊಂಡರಾಯಿತು. ಎರಡು ಸಾಲಿನ ಉತ್ತರ ಬಂತು: ಸದ್ಯಕ್ಕೆ ಮಾರಾಟದಲ್ಲಿ ಇಲ್ಲ. ಆಮೇಲೆ ಕಚೇರಿಯಲ್ಲಿ ಒಬ್ಬ ವಕೀಲರನ್ನು ಕೇಳಿದಳು. "ಕಾನೂನು ಎಲ್ಲ ಕಡೆ ಒಂದೇ ಥರ ಇಲ್ಲಮ್ಮ. ನಿಮ್ಮದೇ ಕಾರ್ಟ್ರಿಜ್ಜು, ನಿಮ್ಮದೇ ಮನೆ ಬಳಕೆ, ಯಾರಿಗೂ ಹಂಚಲ್ಲ ಅಂದ್ರೆ ಇಲ್ಲಿ ತೊಂದರೆ ಆಗ್ಲಾರದು," ಅಂದರು. ಅಡ್ಡಗೋಡೆಯ ಮೇಲೆ ದೀಪವಿಟ್ಟಂಥ ಮಾತು. ಅಷ್ಟು ಬೆಳಕು ಅವಳಿಗೆ ಸಾಕಾಯಿತು. ಅದೂ ಅಲ್ಲದೆ, ಇಂಟರ್ನೆಟ್ಟಿನಲ್ಲಿ ಸಿಗುವುದು ಬರೀ ಆಟ. ಅಮ್ಮನ ಹೆಸರಿದ್ದದ್ದು ಈ ಕಾರ್ಟ್ರಿಜ್ಜಿನಲ್ಲಿ ಮಾತ್ರ.

ಈಗ ಅದೂ ಇಲ್ಲ.

ಅಮ್ಮ ಅಡುಗೆಮನೆಯಿಂದ ಬಂದು ಬಾಗಿಲಲ್ಲಿ ನಿಂತಳು. ತಮ್ಮ ತಟ್ಟೆ ತೋರಿಸಿ ನಡೆದದ್ದು ಹೇಳಿದ. ಅವಳು ತಟ್ಟೆಯಲ್ಲಿದ್ದ ಸೆಲ್ಲನ್ನು ಎತ್ತಿ, ಗುಂಡಿ ನೋಡುವ ಹಾಗೆ ಬೆಳಕಿಗೆ ಹಿಡಿದು ನೋಡಿದಳು.

"ಇಷ್ಟು ಚಿಕ್ಕದರಲ್ಲಿತ್ತಾ?"

"ಅಮ್ಮ, ನಂದೇ ತಪ್ಪು. ಕೈಗೆ ಅಭ್ಯಾಸ ಆಗ್ಬಿಟ್ಟಿದೆ."

"ಗೊತ್ತಾಗತ್ತೆ ಬಿಡು. ನಾನೂ ನಿಮ್ಮಪ್ಪನ ಹೊಸ ಪ್ಯಾಂಟನ್ನ ಗಿರಾಕಿದು ಅಂದ್ಕೊಂಡು ಗಿಡ್ಡ ಮಾಡಿದ್ದೆ." ಸೆಲ್ಲನ್ನು ವಾಪಸು ತಟ್ಟೆಗೆ ಹಾಕಿದಳು. "ಹೆಸರು ತಾನೇ ಹೋಗಿದ್ದು? ಆಟ ಇದೆಯೋ ಅದೂ ಹೋಯ್ತೋ?"

"ಆಟ ಬೇರೆ ಚಿಪ್ಪಲ್ಲಿದೆ. ಅದಕ್ಕೇನೂ ಆಗಲ್ಲ."

"ಹಂಗಾದ್ರೆ ಆಡಿದ್ರಾಯ್ತು."

ಮಾವ ತೊಡೆ ತಟ್ಟಿ ನಕ್ಕ. "ಎಪ್ಪತ್ತು ವರ್ಷಕ್ಕೆ ಮಹಡಿ ಹತ್ತಿಸ್ತಾಳಂತೆ! ಮನೆ ಮೆಟ್ಟಿಲು ಹತ್ತೋವಾಗ ಎರಡು ಸಲ ಕೂತ್ಕೋತಾಳೆ."

"ಅಣ್ಣ, ನೀನು ಊಟ ಮಾಡ್ಕೊಂಡು ಹೋಗೋನು ತಾನೇ? ಕೂತು ನೋಡು."

ತಮ್ಮ ಕೆಲಸಕ್ಕೆ ಕೂತ. ಕಾರ್ಟ್ರಿಜ್ಜಿಗೆ ಹೊಸ ಸೆಲ್ಲು ಬೆಸೆದ. ಹತ್ತಿಗೆ ಸ್ಪಿರಿಟ್ಟು ತಾಗಿಸಿ ತಾಮ್ರದ ಹಲ್ಲುಗಳನ್ನು ಒಂದೊಂದಾಗಿ ಒರೆಸಿದ. ಕಾರ್ಟ್ರಿಜ್ಜನ್ನು ರೀಡರಿಗೆ ಸಿಕ್ಕಿಸಿದರು, ರೀಡರನ್ನು ಕಂಪ್ಯೂಟರಿಗೆ. ಕಂಪ್ಯೂಟರು ಇಡೀ ಆಟವನ್ನು ಓದಿ ಒಂದು ಕಡತ ಮಾಡಿತು, ಅದಕ್ಕೆ ಎಂಟು ಅಂಕಿ-ಅಕ್ಷರಗಳ ಒಂದು ಗುರುತು ಕೊಟ್ಟಿತು. ಒಳಗೆ ಒಂದು ಚುಕ್ಕೆ ಬದಲಾದರೂ ಗುರುತು ಬದಲಾಗುತ್ತದೆ. ಅಕ್ಕ ಎರಡನೆಯ ಸಲ ಓದಿಸಿದಳು. ಗುರುತು ಬೇರೆ ಬಂತು.

"ನಡಿಯತ್ತೆ ಬಿಡು ಅಕ್ಕ, ಆಟ ಶುರು ಆಗತ್ತಲ್ಲ."

"ಹೋಲಿಕೆ ಆಗ್ಲಿಲ್ಲ. ಮತ್ತೆ ಒರೆಸು."

ಅವನು ಭೂತಗನ್ನಡಿ ಕಣ್ಣಿಗೆ ಸಿಕ್ಕಿಸಿಕೊಂಡು ಮತ್ತೆ ಒರೆಸಿದ. ಮೂರನೆಯ ಓದು, ನಾಲ್ಕನೆಯ ಓದು. ಎರಡರ ಗುರುತೂ ಒಂದೇ. ಅಕ್ಕ ಒಂದು ಹಾಳೆಯಲ್ಲಿ ದಿನಾಂಕ ಬರೆದು, ಮೂಲ ಯಾವುದು, ಎಷ್ಟು ಸಲ ಓದಿದ್ದು, ಗುರುತು ಏನು ಎಂದು ದಾಖಲಿಸಿ, ಕೆಳಗೆ 'ನಕಲು ಸರಿಯಾಗಿದೆ' ಎಂದು ಸಹಿ ಮಾಡಿದಳು. ತಮ್ಮನಿಂದ ಸಹಿ ಹಾಕಿಸಿದಳು. ಆಮೇಲೆ ಮಾವನ ಮುಂದೆ ಹಿಡಿದಳು.

"ಸಾಕ್ಷಿ ಅಂತ ನೀವೂ ಹಾಕಿ ಮಾವ. ನಿಮ್ಮ ಕಣ್ಣೆದುರಿಗೇ ಆಯ್ತಲ್ಲ."

"ಹಾಕ್ತೀನಿ ಕೊಡೇ. ನಂಗೇನು ಭಯ?" ಟಿಕೆಟ್ ಹರಿದು ಕೊಟ್ಟ ಕೈ, ಸಹಿ ಹಾಳೆಯ ಅರ್ಧ ಅಗಲಕ್ಕೆ ಹರಡಿತು. ಗಂಟೆ ಹನ್ನೊಂದೂಕಾಲು.

ಆ ಕಡತವನ್ನು ಎಮ್ಯುಲೇಟರಿನಲ್ಲಿ ತೆರೆದಾಗ ಪರದೆಯ ಮೇಲೆ ದೀಪಸ್ತಂಭ ಮೂಡಿತು. ಆಟಗಾರರ ಹೆಸರಿಗೆ ಮೂರು ಸಾಲು, ಮೂರೂ ಖಾಲಿ. ಅಮ್ಮ ಒಂದು ಕ್ಷಣ ಆ ಸಾಲುಗಳನ್ನು ನೋಡಿದಳು. ಆಮೇಲೆ ಕೆಳಗೆ ಜಮಖಾನದ ಮೇಲೆ ಕೂತು, ತಮ್ಮ ಕೊಟ್ಟ, ಒತ್ತುಗುಂಡಿಗಳಿದ್ದ ಆಟದ ಹಿಡಿಯನ್ನು ಮಡಿಲಲ್ಲಿಟ್ಟುಕೊಂಡಳು.

"ಅಮ್ಮ, ಇದ್ರಲ್ಲಿ ಒಂದು ಅನುಕೂಲ ಇದೆ. ಎಲ್ಲಿ ಬೇಕೋ ಅಲ್ಲೇ ಉಳಿಸ್ಕೋಬಹುದು. ಬಿದ್ರೆ ಅಲ್ಲಿಂದ್ಲೇ ಶುರು."

"ಬೇಡಪ್ಪ. ಹೊಲಿಗೆ ತಪ್ಪಿದ್ರೆ ಬಿಚ್ಚಿ ಮೊದಲಿಂದ ಹಾಕ್ಬೇಕು."

ಆರನೆಯ ಮಹಡಿಯಲ್ಲೇ ಎಂಟು ಸಲ ಬಿದ್ದಳು. ಮಾವ ಪ್ರತಿ ಸಲವೂ ಬಾಯಲ್ಲಿ ಸೀಟಿ ಊದಿ, "ಇಳಿಯೋರು ಇಳೀರಿ!" ಎಂದು ಕೂಗಿದ. ಒಂಬತ್ತನೆಯ ಸಲ ಅಮ್ಮನ ಬಲ ಹೆಬ್ಬೆರಳು ಏನನ್ನೋ ನೆನಪಿಸಿಕೊಂಡಿತು. ಊಟದ ಹೊತ್ತಿಗೆ ಕುಳ್ಳ ಹತ್ತೊಂಬತ್ತರಲ್ಲಿದ್ದ. ಊಟವಾದ ಮೇಲೆ ಮಾವ ಕುರ್ಚಿ ಬಿಟ್ಟು ಜಮಖಾನಕ್ಕೆ ಇಳಿದ. ಮೂವತ್ತು ದಾಟಿದಾಗ ಸೀಟಿ ನಿಂತಿತ್ತು. ಮೂರು ಗಂಟೆಗೆ ಮೂವತ್ತೇಳು ಬಂತು.

ಕಾವಲುಗಾರ ಕೋಲು ಹಿಡಿದು ಬಾಗಿಲ ಮುಂದೆ ನಿಂತಿದ್ದ.

"ಡಬ್ಬೀಲಿ ಬಿಡು ಒಂದು!" ಅಂದ ಮಾವ.

ಅಮ್ಮ ಆಟದ ಹಿಡಿಯನ್ನು ನೆಲದ ಮೇಲಿಟ್ಟಳು. ಪಕ್ಕದಲ್ಲಿ ಒಗೆದ ಬಟ್ಟೆಗಳ ಬುಟ್ಟಿ ಇತ್ತು. ಒಂದು ಟವೆಲ್ ತೆಗೆದು ಮಡಿಸತೊಡಗಿದಳು.

"ಅಮ್ಮ! ಸಾಯ್ತೀಯ!" ತಮ್ಮ ಕೂಗಿದ.

"ಸುಮ್ನಿರೋ."

"ಏನೇ ಇದು, ಆಟ ಬಿಟ್ಟು ಮನೆಗೆಲಸ?" ಅಂದ ಮಾವ.

"ಅವತ್ತು ಬಾಗಿಲಿಗೆ ಗಿರಾಕಿ ಬಂದಿದ್ಲು. ರವಿಕೆ ಅಳತೆ ತಗೊಳ್ಳೋಕೆ ಎದ್ದು ಹೋದೆ," ಅಂದಳು ಅಮ್ಮ. ಎರಡನೆಯ ಟವೆಲ್ ತೆಗೆದಳು. ಪರದೆಯ ಮೇಲೆ ಕುಳ್ಳ ಅಲುಗಾಡದೆ ನಿಂತಿದ್ದ. ಕಾವಲುಗಾರ ಒಮ್ಮೆ ಆಕಳಿಸಿದ. ಕೋಲನ್ನು ಗೋಡೆಗೆ ಒರಗಿಸಿದ. ಕೂತ. ಮೂರನೆಯ ಟವೆಲಿನ ಎರಡನೆಯ ಮಡಿಕೆಗೆ ಅವನ ತಲೆ ಎದೆಯ ಮೇಲೆ ಬಾಗಿತು, ಬಾಗಿಲು ಕಿರ್ರೆಂದು ತೆರೆಯಿತು. "ಹೊಡೆದಷ್ಟೂ ಎಚ್ಚರ ಆಗ್ತಾನೆ. ಬಿಟ್ರೆ ಮಲಗ್ತಾನೆ. ವಾಪಸ್ ಬಂದು ನೋಡ್ತೀನಿ, ಹಿಂಗೇ ಗೊರಕೆ ಹೊಡೀತಿದ್ದ."

ಅವಳು ಹಿಡಿ ಎತ್ತಿಕೊಂಡು ಕುಳ್ಳನನ್ನು ಒಳಗೆ ನಡೆಸಿದಳು.

"ಇದು ಆ ಆಟ ಅಲ್ಲ," ಅಂದ ಮಾವ. "ಇದರಲ್ಲಿ ಸುಲಭ ಮಾಡಿದಾರೆ. ಕಂಪ್ಯೂಟರಲ್ಲಿ ಏನೇನೋ ಬದಲಾಯಿಸ್ತಾರೆ. ನಮ್ಮ ಕಾಲದ್ದರಲ್ಲಿ..."

ಅಕ್ಕ ಮೇಜಿನ ಮೇಲಿನ ಹಾಳೆ ತಂದು ಅವನ ಮಂಡಿಯ ಮೇಲಿಟ್ಟಳು. ಮಾವ ಓದಿದ. ಮೂರನೆಯ ಓದು, ನಾಲ್ಕನೆಯ ಓದು, ನಕಲು ಸರಿಯಾಗಿದೆ. ಅದರ ಕೆಳಗೆ ಅರ್ಧ ಹಾಳೆಯಗಲದ ಅವನದೇ ಸಹಿ.

"ಇದಕ್ಕೇ ಹಾಕಿಸ್ಕೊಂಡ್ಯಾ?"

"ಇಲ್ಲ ಮಾವ. ನಾನು ಎಲ್ಲದಕ್ಕೂ ಹಾಕಿಸ್ಕೋತೀನಿ."

ತಮ್ಮನಿಗೆ ನಗು ತಡೆಯಲಾಗಲಿಲ್ಲ. "ಮೀಸೆ ಮಣ್ಣಾಯ್ತಾ ಮಾವ?"

"ಮುಚ್ಚೋ ಗಡಿಯಾರ." ಮಾವ ಹಾಳೆಯನ್ನು ಇನ್ನೊಮ್ಮೆ ನೋಡಿದ, ನಾಲ್ಕಾಗಿ ಮಡಿಸಿದ, ಅಕ್ಕನಿಗೆ ವಾಪಸು ಕೊಟ್ಟ. ತಂಗಿಯ ಕಡೆಗೆ ತಿರುಗಿದ. "ಎಷ್ಟು ಸಲ ಹೊಡೆದೆ ಗೊತ್ತೇನೇ ಅವನಿಗೆ? ಹೆಬ್ಬೆರಳು ಬಾತುಕೊಂಡಿತ್ತು. ಟಿಕೆಟ್ ಹರಿಯೋಕೂ ಆಗ್ತಿರ್ಲಿಲ್ಲ."

"ಗೊತ್ತು," ಅಂದಳು ಅಮ್ಮ, ಪರದೆಯಿಂದ ಕಣ್ಣು ತೆಗೆಯದೆ. "ಎಣ್ಣೆ ತಿಕ್ಕಿದ್ದು ನಾನೇ ಅಲ್ವಾ?"

"ಮತ್ತೆ ಆಗ್ಲೇ ಯಾಕೆ ಹೇಳ್ಲಿಲ್ಲ, ಸುಮ್ನೆ ಕೂತ್ಕೊಂಡ್ರೆ ಬಾಗಿಲು ತೆಗೆಯತ್ತೆ ಅಂತ?"

"ನೀನು ಯಾವತ್ತು ಸುಮ್ನೆ ಕೂತ್ಕೊಂಡಿದ್ದೆ ಅಣ್ಣ?"

ಮೊದಲು ನಕ್ಕವನು ಮಾವನೇ. ಹೊಟ್ಟೆ ಹಿಡಿದುಕೊಂಡು, ಕಣ್ಣಲ್ಲಿ ನೀರು ಬರುವ ತನಕ ನಕ್ಕ. ಅವನ ನಗುವಿಗೆ ಅಮ್ಮನ ಬೆರಳು ತಪ್ಪಿ ಕುಳ್ಳ ನಲವತ್ತೊಂದರಿಂದ ಬಿದ್ದ. ಈ ಸಲ ಮಾವ ಸೀಟಿ ಊದಲಿಲ್ಲ. "ರೈಟ್, ರೈಟ್, ಹೋಗು ಮುಂದಕ್ಕೆ," ಅಂದ.

ಐದು ಗಂಟೆ ನಲವತ್ತು ನಿಮಿಷಕ್ಕೆ ಅರವತ್ತನೆಯ ಮಹಡಿಯಲ್ಲಿ ದೀಪ ಹೊತ್ತಿಕೊಂಡಿತು. ಹಳದಿ ಬೆಳಕು ಪರದೆಯ ತುಂಬ ಎರಡು ಸಲ ಸುತ್ತು ಹಾಕಿತು. ಖಾಲಿ ಇದ್ದ ಮೂರು ಸಾಲುಗಳಲ್ಲಿ ಮೊದಲನೆಯದರಲ್ಲಿ ಅಮ್ಮನ ಹೆಸರು ಬಂತು, ಪಕ್ಕದಲ್ಲಿ ಅರವತ್ತು. ಅಕ್ಕ ಹೆಸರನ್ನೂ ಅಂಕಿಯನ್ನೂ ಎರಡು ಸಲ ಓದಿದಳು. ತಮ್ಮ ಎದ್ದು ಟೀಗೆ ನೀರಿಟ್ಟ.

ಮಾವ ಜಮಖಾನದ ಮೇಲೆ ಸರಿದು ತಂಗಿಯ ಪಕ್ಕಕ್ಕೆ ಬಂದ. "ಕೊಡು ಇಲ್ಲಿ. ಎರಡನೇ ಸಾಲಲ್ಲಿ ನಂದು ಬರ್ಲಿ."

ಅಮ್ಮ ಹಿಡಿಯನ್ನು ಅವನ ಕೈಗಿಟ್ಟು, ಅವನ ಹೆಬ್ಬೆರಳನ್ನು ಗುಂಡಿಯ ಮೇಲೆ ಸರಿಯಾಗಿ ಕೂರಿಸಿದಳು.

ಮೂವತ್ತೊಂದು ವರ್ಷ ಬಸ್ಸಿನಲ್ಲಿ ದುಡಿದ ಮಾವ ಒಂದು ದಿನವೂ ಬಸ್ಸು ತಪ್ಪಿಸಿಕೊಂಡವನಲ್ಲ. ಆ ಸಂಜೆ ಆರೂವರೆಯ ಬಸ್ಸು ತಪ್ಪಿಸಿಕೊಂಡ, ಏಳೂವರೆಯದನ್ನೂ ತಪ್ಪಿಸಿಕೊಂಡ. ಎಂಟೂವರೆಯ ಬಸ್ಸಿಗೆ ತಮ್ಮ ಬಲವಂತವಾಗಿ ಎಬ್ಬಿಸಿದಾಗ ಅವನು ಏಳನೆಯ ಮಹಡಿಯಲ್ಲಿದ್ದ.