ಹುಳಿ ಮಾತ್ರೆ

ಪಿರಿಯಾಪಟ್ಟಣದ ಲ್ಯಾಬೊಂದರಲ್ಲಿ ಕೆಲಸ ಮಾಡುವ ಸಂಘಮಿತ್ರ ಅಂದು ತಾಯಿಯ ರಕ್ತವನ್ನು ಎರಡು ಸಲ ಪರೀಕ್ಷಿಸಿದಳು. ಎರಡು ಸಲವೂ ಕ್ರಿಯಾಟಿನಿನ್ ಮೂರು ಪಾಯಿಂಟ್ ನಾಲ್ಕು ಬಂತು. ಒಂದರ ಆಸುಪಾಸಿನಲ್ಲಿರಬೇಕಾದದ್ದು. ಅವ್ವನ ಕಾಲು ಊದಿದ್ದು ದಿನವಿಡೀ ಕೂತು ಕೆಲಸ ಮಾಡಿದ್ದಕ್ಕಲ್ಲ, ಕಿಡ್ನಿ ಸೋಲುತ್ತಿತ್ತು. ಮೂತ್ರದ ಹನಿಯನ್ನು ಮೈಕ್ರೋಸ್ಕೋಪಿನಡಿ ಇಟ್ಟರೆ, ಅಂಚೆ ಲಕೋಟೆಯ ಆಕಾರದ ಪುಟ್ಟ ಹರಳುಗಳು ಗಾಜಿನ ತುಂಬ. ಆಕ್ಸಲೇಟ್. ವಿಟಮಿನ್ ಸಿ ಅತಿಯಾದರೆ ಹೀಗೆ ಹರಳುಗಟ್ಟುತ್ತದೆಂದು ಬಿ.ಎಸ್ಸಿ.ಯಲ್ಲಿ ಓದಿದ್ದು ನೆನಪಿತ್ತು.

ಆ ವಿಟಮಿನ್ ಕೊಟ್ಟವಳು ಅವಳೇ. ಐದು ತಿಂಗಳ ಹಿಂದೆ ಅವ್ವ ಪುಟ್ಟಮಲ್ಲಮ್ಮನ ಕೊಲೆಸ್ಟರಾಲ್ ಇನ್ನೂರ ನಲವತ್ತೆಂಟಿತ್ತು. ಡಾಕ್ಟರು ಬರೆದ ಮಾತ್ರೆಯನ್ನು ಸಾಯುವವರೆಗೆ ನುಂಗಬೇಕು ಎಂದಾಗ ಅವ್ವ ಒಲ್ಲೆನೆಂದಳು. ರಕ್ತದ ಕೊಬ್ಬು ಕೆಡದಂತೆ ವಿಟಮಿನ್ ಸಿ ತಡೆಯುತ್ತದೆಂಬ ಪಾಠದ ಸಾಲೊಂದನ್ನು ನಂಬಿ, ಸಂಘಮಿತ್ರ ಚೀಪುವ ಮಾತ್ರೆ ತಂದುಕೊಟ್ಟಳು. ಪ್ರಯೋಗಶಾಲೆಯ ಗಾಜಿನ ನಳಿಕೆಯಲ್ಲಿ ನಿಜವಾದದ್ದು ಮನುಷ್ಯರಲ್ಲೂ ನಿಜವಾಯಿತೇ ಎಂದು ಹುಡುಕಿ ಓದಲಿಲ್ಲ. ದಿನಕ್ಕೊಂದು ಎಂದಷ್ಟೇ ಹೇಳಿದ್ದಳು. ಒಂದಕ್ಕೆ ಇಷ್ಟಾಗುವುದಿಲ್ಲವಲ್ಲ?

ಮಧ್ಯಾಹ್ನದ ಬಸ್ಸಿಗೆ ಅವ್ವನಿದ್ದ ಬೆಟ್ಟದಪುರಕ್ಕೆ ಹೋದಳು. ಹೊಗೆಸೊಪ್ಪು ಬೇಯಿಸುವ ಬ್ಯಾರನ್ ಪಕ್ಕದ ಶೆಡ್ಡಿನಲ್ಲಿ ಹೆಂಗಸರು ಬೆಂದ ಸೊಪ್ಪನ್ನು ಬಣ್ಣ ನೋಡಿ ವಿಂಗಡಿಸುತ್ತಿದ್ದರು. ಆ ಕೆಲಸದಲ್ಲಿ ಧೂಳು ಗಂಟಲಿಗಿಳಿದು, ಕುಡಿವ ನೀರೂ ಕಹಿಯಾಗುತ್ತದೆ. ಅವ್ವ ಸೊಪ್ಪಿನಿಂದ ಕಣ್ಣೆತ್ತದೆ ಏನನ್ನೋ ಚೀಪುತ್ತಿದ್ದಳು. ಬಾಯಲ್ಲೇನೆಂದು ಸಂಘಮಿತ್ರ ಕೇಳುವಷ್ಟರಲ್ಲಿ ಪಕ್ಕದ ಚಾಮುಂಡಮ್ಮ ನಕ್ಕಳು.

"ನಿಮ್ಮವ್ವನ ಸೆರಗಲ್ಲಿ ಮೆಡಿಕಲ್ ಸ್ಟೋರೇ ಅದೆ ಕಣವ್ವ. ನಮಗೂ ಒಂದೊಂದು ಕೊಡ್ತಾಳೆ. ಹುಳಿ ಮಾತ್ರೆ ಬಾಯಿಗಿದ್ರೆ ಸೊಪ್ಪಿನ ಕಹಿ ಅತ್ರ ಸುಳಿಯಕಿಲ್ಲ."

ದಿನಕ್ಕೆ ಎಷ್ಟೆಂದು ಕೇಳಿದರೆ ಅವ್ವ ಬೆರಳು ಮಡಿಸಿದಳು. ಹತ್ತು. ಸೊಪ್ಪು ಜಾಸ್ತಿ ಬಂದ ದಿನ ಹನ್ನೆರಡು. ಅಂಗಡಿಯವನು ಚೀಟಿ ಕೇಳುವುದಿಲ್ಲವಂತೆ. ಮಗಳೇ ಕೊಟ್ಟ ತಾಕತ್ತಿನ ಮಾತ್ರೆ, ಹೆಚ್ಚು ತಿಂದಷ್ಟೂ ಕೊಬ್ಬು ಬೇಗ ಕರಗಲಿ ಎಂದುಕೊಂಡಿದ್ದಳು.

ಈ ಮಾತ್ರೆ ಅತಿಯಾದರೆ ಕಿಡ್ನಿ ಕೆಡುತ್ತದೆಂದು ಸಂಘಮಿತ್ರ ಎಲ್ಲರಿಗೂ ಬಿಡಿಸಿ ಹೇಳಿದಳು. ಚಾಮುಂಡಮ್ಮ ಬಾಯಲ್ಲಿದ್ದುದನ್ನು ಉಗಿದಳು. ಪುಟ್ಟಮಲ್ಲಮ್ಮ ಉಗಿಯಲಿಲ್ಲ, ಕೋಪಗೊಂಡಳು. "ನನ್ ಮಗಳು ತಂದ್ಕೊಟ್ಟದ್ದು ನಂಗೆ ಯಾಕ್ ಕೆಡಕು ಮಾಡ್ತದೆ? ನಿನ್ ಮಿಷನ್ನೇ ಸರಿ ಇಲ್ಲ, ಬುಡು." ಮರುದಿನವೇ ಸಂಘಮಿತ್ರ ಅವಳನ್ನು ಮೈಸೂರಿಗೆ ಕರೆದೊಯ್ದಳು.

ಅಲ್ಲಿನ ಕಿಡ್ನಿ ಡಾಕ್ಟರು ಮಾತ್ರೆ ಬಿಡಿಸಿದರು. ಕೆಲವರ ಕಿಡ್ನಿ ಮತ್ತೆ ಚೇತರಿಸಿಕೊಳ್ಳುತ್ತದೆ, ಕೆಲವರದು ಇಲ್ಲ, ಕಾದು ನೋಡಬೇಕು ಎಂದರು. ಹದಿನೈದು ದಿನ ಬಿಟ್ಟು ಸಂಘಮಿತ್ರ ಅವ್ವನ ತೋಳಿಗೆ ಪಟ್ಟಿ ಬಿಗಿದು ತಾನೇ ರಕ್ತ ತೆಗೆದಳು. ಕ್ರಿಯಾಟಿನಿನ್ ಮೂರು ಪಾಯಿಂಟ್ ಒಂಬತ್ತಕ್ಕೆ ಏರಿತ್ತು.

ಕೊಲೆಸ್ಟರಾಲೂ ಹೆಚ್ಚುಕಮ್ಮಿ ಮೊದಲಿನಷ್ಟೇ ಇತ್ತು. ಅದನ್ನು ಹೇಳಲೋ ಬೇಡವೋ ಎಂದು ಅವಳು ಕಾಗದ ಹಿಡಿದು ನಿಂತಿದ್ದಾಗ, ಬೆಂಚಿನ ಮೇಲೆ ಕೂತಿದ್ದ ಅವ್ವ ಹತ್ತಿಯನ್ನು ತೋಳಿಗೆ ಒತ್ತಿಕೊಂಡೇ ಮಗಳ ಮುಖ ನೋಡಿದಳು. ಈಗ ಅವಳಲ್ಲಿ ಕೋಪವಿರಲಿಲ್ಲ.

"ನೀ ಬ್ಯಾಡ ಅಂದೆ, ನಾ ಬುಟ್ಟೆ. ಈ ಕಿಡ್ನಿಗೆ ಯಾವ್ ಮಾತ್ರೆ ಅಂತ ನೀನೇ ನೋಡಿ ತಂದ್ಕೊಡು ಮಗ. ನೀ ಏಳಿದ್ ಲೆಕ್ಕದಂಗೇ ತಿಂತೀನಿ."

ಅಂಥ ಮಾತ್ರೆ ಇಲ್ಲವೆಂದು ಸಂಘಮಿತ್ರ ಹೇಳಿದಳು. ಅವ್ವ ನಂಬಲಿಲ್ಲ. ತನ್ನ ಮೇಲಿನ ಸಿಟ್ಟಿಗೆ ಮಗಳು ಹಾಗನ್ನುತ್ತಿದ್ದಾಳೆಂದು ತಿಳಿದು, ಮತ್ತೆ ಕೇಳಿದಳು.