ಹಾರಿಹೋಗದ ದ್ರಾವಕ

ಆ ಪ್ರಯೋಗಾಲಯದಲ್ಲಿ ಎಲ್ಲರಿಗೂ ಅವನು ದೊಡ್ಡಪ್ಪ. ನಿಜವಾಗಿ ದೊಡ್ಡಪ್ಪನಾಗಬೇಕಾದದ್ದು ಒಬ್ಬಳಿಗೇ, ಅಲ್ಲಿನ ರಸಾಯನ ತಜ್ಞೆ ಪುಟ್ಟಿಗೆ. ತೀರಿಹೋದ ತಮ್ಮನ ಮಗಳು ಅವಳು. ಮೂವತ್ತು ವರ್ಷ ಎಣ್ಣೆ ಗಿರಣಿಯಲ್ಲಿ ಮೈ ಸವೆಸಿದ ಮುದುಕನನ್ನು ಸಹಾಯಕ್ಕೆಂದು ಕರೆತಂದವಳೂ ಅವಳೇ. ಅವಳು ಬಾಯಿ ತುಂಬ ದೊಡ್ಡಪ್ಪಾ ಎಂದಾಗಲೆಲ್ಲ ಅವನಿಗೆ ಹಿತವಾಗುತ್ತಿತ್ತು, ಜೊತೆಗೇ ಒಳಗೆಲ್ಲೋ ಚುಚ್ಚುತ್ತಿತ್ತು. ತಮ್ಮನನ್ನು ಗಿರಣಿಗೆ ಸೇರಿಸಿದವನು ಅವನೇ ತಾನೆ? ಅಲ್ಲಿ ಮೊದಲು ತಮ್ಮನ ಪಾದಗಳು ಜೋಮು ಹಿಡಿದವು. ಚಪ್ಪಲಿ ಕಳಚಿ ಬಿದ್ದರೂ ಗೊತ್ತಾಗದೆ ನಡೆಯುತ್ತಿದ್ದವನನ್ನು ನೋಡಿ ಎಲ್ಲರೂ ನಕ್ಕಿದ್ದರು, ದೊಡ್ಡಪ್ಪನೂ ನಕ್ಕಿದ್ದ. ಆಮೇಲೆ ಕೈ ಸೋತಿತು. ಮೂರು ವರ್ಷ ಹಾಸಿಗೆ ಹಿಡಿದು ಹೋಗಿಬಿಟ್ಟ.

ಹನ್ನೊಂದು ವರ್ಷದಿಂದ ದೊಡ್ಡಪ್ಪ ತನಗೆ ತಾನೇ ಒಂದು ಮಾತು ಹೇಳಿಕೊಳ್ಳುತ್ತ ಬಂದಿದ್ದ: ಗಿರಣಿಯಲ್ಲಿ ದುಡಿದವರು ನಲವತ್ತು ಜನ, ಬಿದ್ದವನು ಅವನೊಬ್ಬ, ಅವನ ಮೈಯೇ ನಾಜೂಕು, ಇದರಲ್ಲಿ ನನ್ನ ತಪ್ಪೇನು? ಆ ಮಾತಿನ ಆಸರೆಯಲ್ಲೇ ಅವನು ಉಂಡು ಮಲಗುತ್ತಿದ್ದದ್ದು.

ಹೊಲದಲ್ಲಿ ಸುಟ್ಟು ಬೂದಿಯಾಗಬೇಕಿದ್ದ ಮೆಕ್ಕೆಜೋಳದ ದಂಟು ಪ್ರಯೋಗಾಲಯಕ್ಕೆ ಬರುತ್ತಿತ್ತು. ಕೋಳಿ ಆಹಾರಕ್ಕೆ ಬೆರೆಸುವ ಒಂದು ಬಿಳಿ ಪುಡಿ, ಹಾಲು ಹುಳಿಯಾದಾಗ ಹುಟ್ಟುವ ಆಮ್ಲ, ಇವೆರಡನ್ನೂ ಕಲಸಿ ಬೆಚ್ಚಗೆ ಮಾಡಿದರೆ ಪಾಕದಂಥ ದ್ರಾವಕ. ಅದರಲ್ಲಿ ದಂಟಿನ ಚೂರುಗಳನ್ನು ಬೇಯಿಸಿದರೆ ದಂಟನ್ನು ಬಿಗಿದು ಹಿಡಿದ ಕಂದು ಅಂಟು ಕರಗಿ ಬರುತ್ತದೆ, ನಾರು ಉಳಿಯುತ್ತದೆ. ಅಂಟಿನಿಂದ ಪ್ಲೈವುಡ್ಡಿಗೆ ಗೋಂದು, ನಾರಿನಿಂದ ಕಾಗದ.

"ನಾತ ಇಲ್ಲ, ಬೆಂಕಿ ಹತ್ತಲ್ಲ. ಇದೆಂಥಾ ಸಾಲ್ವೆಂಟೇ ಪುಟ್ಟಿ? ಕೆಮ್ಮಿನ ಔಷಧಿ ಇದ್ದಂಗಿದೆ" ಎಂದು ದೊಡ್ಡಪ್ಪ ರೇಗಿಸುತ್ತಿದ್ದ.

"ಅದಕ್ಕೇ ಇದನ್ನ ಮಾಡ್ತಿರೋದು ದೊಡ್ಡಪ್ಪ. ನಿಮ್ಮ ಗಿರಣೀಲಿ ಹಿಂಡಿಯಿಂದ ಎಣ್ಣೆ ತೆಗೆಯೋಕೆ ಹಾಕ್ತಿದ್ದ ಆ ಪೆಟ್ರೋಲ್ ಜಾತಿ ಸಾಲ್ವೆಂಟು ಅಪ್ಪನ್ನ ತಿಂದು ಹಾಕ್ತು. ಅಪ್ಪನಿಗೊಬ್ಬನಿಗೇ ಯಾಕೆ ಅನ್ನೋದು ಮಾತ್ರ ಇವತ್ತಿಗೂ ತಿಳೀಲಿಲ್ಲ."

ಆಗೆಲ್ಲ ಅವನು ಏನೋ ಕೆಲಸ ನೆನಪಾದವನ ಹಾಗೆ ಎದ್ದು ಹೋಗುತ್ತಿದ್ದ.

ಆ ಸಂಜೆ ಅವಳು ಬೇಗ ಹೊರಡಬೇಕಿತ್ತು. "ಬಿಸಿ ಇರುವಾಗಲೇ ಸೋಸಿ, ನಾರನ್ನ ಡಬ್ಬಿಗೆ ಹಾಕಿ ಮುಚ್ಚಳ ಬಿಗೀರಿ. ಬೆಳಿಗ್ಗೆ ನಾನೇ ತೊಳೀತೀನಿ" ಎಂದಳು. ಅವನು ಸೋಸಿದ. ಆದರೆ ಮುಚ್ಚಳ ಕೈಗೆತ್ತಿಕೊಂಡಾಗ ಮೂವತ್ತು ವರ್ಷದ ಅನುಭವ ಬಿಡಬೇಕಲ್ಲ? ಒದ್ದೆ ಸರಕನ್ನು ಯಾರಾದರೂ ಮುಚ್ಚಿಡುತ್ತಾರೆಯೇ? ಹುಡುಗಿಗೆ ಓದು ಹೆಚ್ಚಾಯಿತು, ಅಷ್ಟೇ. ನಾರನ್ನೆಲ್ಲ ಅಗಲ ತಟ್ಟೆಗಳಲ್ಲಿ ತೆಳ್ಳಗೆ ಹರಡಿ, ತಾನೇ ಬೆನ್ನು ತಟ್ಟಿಕೊಂಡು ಮನೆಗೆ ಹೋದ.

ಬೆಳಿಗ್ಗೆ ನೋಡಿದರೆ ನಾರು ಒಣಗಿರಲಿಲ್ಲ. ನಾರಿನಲ್ಲಿ ಉಳಿದಿದ್ದ ದ್ರಾವಕ ಗಾಳಿಯ ತೇವವನ್ನೆಲ್ಲ ಹೀರಿ ನೀರು ನೀರಾಗಿತ್ತು. ಅದರಿಂದ ಅಂಟೆಲ್ಲ ತಿರುಗಿ ನಾರಿಗೇ ಕೂತು, ತಟ್ಟೆಗಳ ತುಂಬ ಕೆಸರಿನಂಥ ಮುದ್ದೆ. ಆರು ವಾರದ ಕೆಲಸ ಮಣ್ಣುಪಾಲು. ಪುಟ್ಟಿ ಬೈಯಲಿಲ್ಲ. ತಟ್ಟೆಯ ಮುಂದೆ ಕುಕ್ಕರಗಾಲಲ್ಲಿ ಕೂತಳು.

"ಮುಚ್ಚಿಡಿ ಅಂದಿದ್ದೆ ಅಲ್ವಾ?"

"ಗಿರಣೀಲಿ ನಾವು ಹಿಂಡೀನ ಹಿಂಗೇ ಹರಡ್ತಿದ್ವಮ್ಮ. ಬೆಳಗಾಗೋದ್ರೊಳಗೆ ಸಾಲ್ವೆಂಟೆಲ್ಲ ಹಾರಿ ಹೋಗಿರ್ತಿತ್ತು. ಒಂದು ತೊಟ್ಟೂ ಇರ್ತಿರಲಿಲ್ಲ."

"ಇದು ಹಾರಲ್ಲ ದೊಡ್ಡಪ್ಪ. ಇದ್ದಲ್ಲೇ ಇರುತ್ತೆ. ಅದೇ ಇದರ ಒಳ್ಳೇತನ." ಅವಳು ಬೆರಳಿಗೆ ಹತ್ತಿದ ಮುದ್ದೆಯನ್ನು ಒರೆಸಿಕೊಂಡಳು. "ಅದು ಹಾರಿ ಹೋಗ್ತಿತ್ತು ಅಂತೀರಲ್ಲ, ಎಲ್ಲಿಗೆ ಹೋಗ್ತಿತ್ತು?"

ಸುಮ್ಮನೆ, ಬೇಸರಕ್ಕೆ ಕೇಳಿದ ಪ್ರಶ್ನೆ. ದೊಡ್ಡಪ್ಪ ಉತ್ತರಿಸಲು ಬಾಯಿ ತೆರೆದ. ಎಲ್ಲಿಗೆ ಹೋಗುತ್ತೆ, ಗಾಳಿಗೆ. ಯಾವ ಗಾಳಿಗೆ? ಗಿರಣಿಯಲ್ಲಿ ಹಿಂಡಿ ಒಣಗಿಸುವ ಕೋಣೆಯ ಗಾಳಿಗೆ. ಹಾಗೇ ಗೋಡೆ ಹಿಡಿದು ನೆಲಕ್ಕೆ ಕೂತುಬಿಟ್ಟ.

"ಏನಾಯ್ತು ದೊಡ್ಡಪ್ಪ? ಹೋಗ್ಲಿ ಬಿಡಿ, ಇನ್ನೊಂದು ಸಲ ಬೇಯಿಸಿದ್ರಾಯ್ತು."

"ಹಿಂಡಿ ಒಣಗಿಸೋ ಕೋಣೇಲಿ ನಿಮ್ಮಪ್ಪ ಮಲಗ್ತಿದ್ದ ಪುಟ್ಟಿ."

ಅವಳು ತಲೆ ಎತ್ತಿದಳು.

"ಬಾಡಿಗೆಗೆ ಮನೆ ಸಿಕ್ಕಿರಲಿಲ್ಲ. ನೀನೂ ನಿಮ್ಮಮ್ಮನೂ ಆಗ ಅಜ್ಜಿ ಮನೇಲಿದ್ರಿ. ಆ ಕೋಣೆ ಬೆಚ್ಚಗಿತ್ತು. ಇಲ್ಲೇ ಮಲಗು ಅಂತ ಹಾಸಿಗೆ ಹಾಸಿಕೊಟ್ಟವನು ನಾನೇ. ಎರಡು ವರ್ಷ ಅಲ್ಲೇ ಮಲಗಿದ. ನಲವತ್ತು ಜನರಲ್ಲಿ ಅವನೊಬ್ಬನೇ."

ಪುಟ್ಟಿಯ ದನಿ ಚಿಕ್ಕ ಮಗುವಿನದಾಗಿತ್ತು.

"ಕಿಟಕಿ ಇರಲಿಲ್ವಾ?"

"ಇತ್ತು." ದೊಡ್ಡಪ್ಪ ಅಳುತ್ತಿದ್ದ, ಒರೆಸಿಕೊಳ್ಳಲೂ ಇಲ್ಲ. "ಚಳಿಯಾಗುತ್ತೆ ಅಂತ ನಾನೇ ಮೊಳೆ ಹೊಡೆದು ಮುಚ್ಚಿಸಿದ್ದೆ. ತಮ್ಮ ಅಲ್ವಾ."

ಪುಟ್ಟಿ ಎದ್ದಳು. ಅವನ ಹತ್ತಿರ ಬರಲಿಲ್ಲ, ಬಾಗಿಲ ಕಡೆಗೂ ಹೋಗಲಿಲ್ಲ. ಒಂದೊಂದಾಗಿ ಪ್ರಯೋಗಾಲಯದ ಕಿಟಕಿಗಳನ್ನೆಲ್ಲ ತೆರೆಯುತ್ತ ಹೋದಳು. ಇಲ್ಲಿನ ಗಾಳಿಯಲ್ಲಿ ಹೊರಗೆ ಹೋಗಬೇಕಾದದ್ದು ಏನೂ ಇರಲಿಲ್ಲ.