ಎನೆಲೇಸಿಯ ಫೈಲು

"ಬಿಚ್ಚಿ ಅದನ್ನ! ಬಿಚ್ಚಿ ಅಂದೆ!"

ಫಲೇಸಿ ಕೂಗಿದ ರಭಸಕ್ಕೆ ಒಳಕೋಣೆಯಲ್ಲಿ ಹಾಡುತ್ತಿದ್ದ ಚರ್ಚಿನ ಹೆಂಗಸರು ಹಾಡನ್ನು ಅರ್ಧಕ್ಕೇ ನಿಲ್ಲಿಸಿದರು. ಚಾಪೆಯ ಮೇಲೆ ಅವಳ ಅಕ್ಕ ಎನೆಲೇಸಿಯ ಹೆಣ. ಬೆಳಿಗ್ಗೆ ಆಸ್ಪತ್ರೆಯ ಶವಾಗಾರದಿಂದ ಹೇಗೆ ಬಂದಿತ್ತೋ ಹಾಗೆಯೇ, ಬಿಳಿಯ ಬೆಡ್‌ಶೀಟಿನಲ್ಲಿ ಬಿಗಿಯಾಗಿ ಸುತ್ತಿಕೊಂಡು ಮಲಗಿತ್ತು. ಬೆಡ್‌ಶೀಟಿನ ಮೂಲೆಯಲ್ಲಿ ಕೆಂಪು ದಾರದಲ್ಲಿ ಆಸ್ಪತ್ರೆಯ ಗುರುತು. ಆ ಗುರುತನ್ನು ಹೊಲಿದವಳೂ ಎನೆಲೇಸಿಯೇ. ಹತ್ತೊಂಬತ್ತು ವರ್ಷ ಆಸ್ಪತ್ರೆಯ ಬಟ್ಟೆ ಒಗೆದವಳು, ಹರಿದರೆ ಹೊಲಿದವಳು, ಒಣಗಿದ ಮೇಲೆ ಮಡಿಸಿ ಎಣಿಸಿಟ್ಟವಳು.

"ಹೆಣದ ಮುಂದೆ ಜಗಳ ಆಡಬಾರ್ದು ಕಣೇ," ಎಂದಳು ಚಿಕ್ಕಮ್ಮ.

"ಅವಳನ್ನ ಕೊಂದಿದ್ದೇ ಇಂಥಾ ಶೀಟು ಚಿಕ್ಕಮ್ಮ. ಅದರಲ್ಲೇ ಸುತ್ತಿ ಮಣ್ಣು ಮಾಡ್ಬೇಕಾ? ನಾಳೆ ಕನಸಲ್ಲಿ ಬಂದು ನನ್ನ ಕೆನ್ನೆಗೆ ಹೊಡೀತಾಳೆ."

ಎನೆಲೇಸಿ ಹಬ್ಬಕ್ಕೆಂದು ಎತ್ತಿಟ್ಟಿದ್ದ, ಮೈಗೆ ಸುತ್ತಿ ಉಡುವ ನೀಲಿ ಚಿತೆಂಜೆ ಬಟ್ಟೆ ಟ್ರಂಕಿನಿಂದ ಹೊರಬಂತು. ಹೆಂಗಸರು ಅದನ್ನು ಉಡಿಸುವಾಗ ಫಲೇಸಿ ಗೋಡೆಯ ಬದಿಗೆ ಸರಿದು ಬೆಡ್‌ಶೀಟನ್ನು ಮಡಿಸಿದಳು. ಅಕ್ಕ ಕಲಿಸಿದ್ದ ಹಾಗೆಯೇ ಉದ್ದಕ್ಕೆ ಎರಡು ಮಡಿಕೆ, ಅಡ್ಡಕ್ಕೆ ಮೂರು, ಕೆಂಪು ಗುರುತು ಮೇಲೆ ಬರಬೇಕು. ಮಡಿಸಿ ಕಂಕುಳಲ್ಲಿಟ್ಟುಕೊಂಡಳು. ಅದನ್ನೇಕೆ ಇಟ್ಟುಕೊಂಡಳೆಂದು ಆಗ ಅವಳಿಗೂ ಗೊತ್ತಿರಲಿಲ್ಲ.

ಹೊರಗೆ ವಾಹನದ ಸದ್ದಾಯಿತು. ಯಾರೋ ಬಾಗಿಲಲ್ಲಿ ಇಣುಕಿ, "ಆಸ್ಪತ್ರೆಯೋರು ಬಂದ್ರು. ಮ್ಸೋಸಾ ಸಾಹೇಬ್ರೇ ಬಂದಿದಾರೆ, ಹೆಣದ ಪೆಟ್ಟಿಗೆ ತಂದಿದಾರೆ," ಎಂದರು.

"ಬರ್ಲಿ," ಎಂದಳು ಫಲೇಸಿ. "ಕಾಗದ ತಂದಿದಾನಾ, ಅದನ್ನ ನೋಡಿ ಮೊದಲು."

* * *

ಏಳು ವರ್ಷದ ಹಿಂದೆ, ಜೂನ್ ತಿಂಗಳ ಒಂದು ಬೆಳಿಗ್ಗೆ, ಹೆರಿಗೆ ವಾರ್ಡಿನಿಂದ ಬಂದ ರಕ್ತದ ಬಟ್ಟೆಯ ಗಂಟನ್ನು ಎನೆಲೇಸಿ ತೊಟ್ಟಿಯಲ್ಲಿ ಅದ್ದಿದಳು. ಬಳಸಿದ ಸೂಜಿಗಳನ್ನು ತಗಡಿನ ಡಬ್ಬಿಗೆ ಹಾಕಬೇಕು ಎಂಬುದು ನಿಯಮ. ಆದರೆ ಗಡಿಬಿಡಿಯಲ್ಲಿ ನಿಯಮ ಯಾರಿಗೆ ನೆನಪಿರುತ್ತದೆ? ಬಟ್ಟೆ ಹಿಂಡಿದಳು. ಬಲಗೈ ಅಂಗೈಯಲ್ಲಿ ಸೂಜಿ ಬೇರಿಳಿದಂತೆ ನಿಂತಿತ್ತು.

ಮೇಟ್ರನ್ ಒಂದು ಹಾಳೆಯಲ್ಲಿ ಬರೆದುಕೊಂಡಳು, ಎನೆಲೇಸಿಯ ಕಣ್ಣೆದುರೇ ಅದನ್ನು ಅವಳ ಫೈಲಿಗೆ ಸೇರಿಸಿದಳು. "ಬರೆದಾಯ್ತಲ್ಲ, ಹೋಗು. ಇವತ್ತಿನ ಗಂಟೆಲ್ಲ ಹಾಗೇ ಬಿದ್ದಿದೆ," ಎಂದಳು. ಔಷಧಿ ಇಲ್ಲ, ರಕ್ತ ಪರೀಕ್ಷೆ ಇಲ್ಲ. ಒಂದು ತುಂಡು ಹತ್ತಿ ಕೊಟ್ಟಳು, ಅಷ್ಟೆ.

ಐದು ವರ್ಷ ಕಳೆದ ಮೇಲೆ ಎನೆಲೇಸಿಯ ಕಣ್ಣು ಹಳದಿಯಾಯಿತು. ಆಮೇಲೆ ಕಾಲು ಊದಿತು, ಹೊಟ್ಟೆಯಲ್ಲಿ ನೀರು ತುಂಬಿತು. ಲಿವರ್ ಹೋಗಿದೆ, ಕೆಟ್ಟ ಕಾಮಾಲೆ, ರಕ್ತದಿಂದ ರಕ್ತಕ್ಕೆ ಬಂದದ್ದು ಎಂದರು. ಕೆಲಸದಿಂದ ಬಿಡಿಸಿದರು.

ಉಚಿತ ಕಾನೂನು ನೆರವಿನ ಕಚೇರಿಯಿಂದ ವೈಸನ್ ಸೈಕಲ್ ತುಳಿದುಕೊಂಡು ಬಂದದ್ದು ಆಗಲೇ. ಕಡ್ಡಿಯಂಥ ಮನುಷ್ಯ. ವಕೀಲನಲ್ಲ, ಆದರೆ ಬಡವರ ಅರ್ಜಿ ಬರೆದು ಬರೆದು ವಕೀಲರಿಗೇ ಪಾಠ ಹೇಳುವಷ್ಟು ಪಳಗಿದವನು. ಕೆಲಸದಲ್ಲಿ ಪೆಟ್ಟಾದವರಿಗೆ ಪರಿಹಾರ ಕೊಡಬೇಕೆಂದು ಕಾನೂನೇ ಇದೆ, ಎನೆಲೇಸಿಗೆ, ಅವಳು ಸತ್ತರೆ ತಕೊಂಡ್ವಾ ಎಂಬ ಅವಳ ಮಗಳಿಗೆ ಅದು ಸಲ್ಲಬೇಕು ಎಂದು ಜೊಂಬಾ ಪಟ್ಟಣದ ಕಾರ್ಮಿಕ ಕಚೇರಿಗೆ ಅರ್ಜಿ ಹಾಕಿದ. ಮೂರು ತಿಂಗಳ ಮೇಲೆ ಆಸ್ಪತ್ರೆಯ ಉತ್ತರ ಬಂತು. ಕೆಳಗೆ ಆಡಳಿತಾಧಿಕಾರಿ ಗ್ರೇಶಮ್ ಮ್ಸೋಸಾನ ಸಹಿ.

ಜಗಲಿಯಲ್ಲಿ ಕೂತು ವೈಸನ್ ಅದನ್ನು ಓದಿದ. ಇಂಥ ಘಟನೆ ನಡೆದ ಬಗ್ಗೆ ಆಸ್ಪತ್ರೆಯಲ್ಲಿ ಯಾವ ದಾಖಲೆಯೂ ಇಲ್ಲ. ನಮ್ಮ ಬಟ್ಟೆಗಳಲ್ಲಿ ಸೂಜಿ ಉಳಿಯುವುದು ಸಾಧ್ಯವೇ ಇಲ್ಲ. ಈ ಕಾಯಿಲೆ ಆಕೆಯ ನಡತೆಯಿಂದ ಬಂದಿರುವ ಸಂಭವವೇ ಹೆಚ್ಚು.

ಗಂಡ ಸತ್ತು ಹನ್ನೊಂದು ವರ್ಷ, ಎನೆಲೇಸಿಯ ಚಾಪೆಯಲ್ಲಿ ಮಗಳು ಬಿಟ್ಟರೆ ಇನ್ನೊಬ್ಬರು ಮಲಗಿದ್ದಿಲ್ಲ. "ಈಗಲೇ ಹೋಗಿ ಅವನ ಮುಖಕ್ಕೆ ಉಗೀತೀನಿ," ಎಂದು ಫಲೇಸಿ ಎದ್ದಳು.

ಎನೆಲೇಸಿ ಅಳಲಿಲ್ಲ. "ಇನ್ನೊಂದ್ಸಲ ಓದಪ್ಪ," ಎಂದಳು.

"ಯಾಕಮ್ಮ ಮತ್ತೆ?"

"ಸರಿಯಾಗಿ ದ್ವೇಷ ಮಾಡ್ಬೇಕು ನಾನು. ಅರ್ಧಂಬರ್ಧ ಬೇಡ."

ವೈಸನ್ ಮತ್ತೆ ಓದಿದ. ಕೊನೆಗೆ, "ಆ ಹಾಳೆ ನಿಮ್ಮ ಫೈಲಲ್ಲಿ ಇದ್ದರೆ ಸಾಕು, ಕೇಸು ಗೆದ್ದ ಹಾಗೇ. ಆದ್ರೆ ಮೂರು ಸಲ ಕೇಳ್ದೆ, ಫೈಲು ಕೊಡಲ್ಲ ಅಂತಾರೆ. ಮೇಟ್ರನ್ ಸತ್ತೇ ಹೋದಳು. ಈಗ ನಾವು ಗಟ್ಟಿಯಾಗಿ ಕೇಳಿದ್ರೆ ಹಾಳೆ ಕಿತ್ತು ಒಲೆಗೆ ಹಾಕ್ತಾರೆ," ಎಂದ.

"ಇದೆ. ಅವನು ಆ ಫೈಲು ಬಿಚ್ಚೇ ಇಲ್ಲ. ಬಿಚ್ಚಿದೋನು ಇಷ್ಟು ಧೈರ್ಯವಾಗಿ ಸುಳ್ಳು ಬರೀತಿರ್ಲಿಲ್ಲ." ಎನೆಲೇಸಿ ಊದಿದ ಕಾಲನ್ನು ಎರಡೂ ಕೈಯಿಂದ ಎತ್ತಿ ಬದಿಗಿಟ್ಟುಕೊಂಡಳು. "ಕೇಳು. ಬದುಕಿರೋರಿಗೆ ಅವರು ಫೈಲು ತೋರ್ಸಲ್ಲ. ಸತ್ತೋರಿಗೆ ಗಟ್ಟಿಯಾಗಿ ಓದಿ ಹೇಳ್ತಾರೆ."

ವೈಸನ್‌ಗೆ ಅರ್ಥವಾಗಲಿಲ್ಲ. ಫಲೇಸಿಗೆ ಆಯಿತು. ಸಾವಿನ ಮನೆಯಲ್ಲಿ ಕೆಲಸ ಕೊಟ್ಟವರು ನಿಂತು ಸತ್ತವರ ಕೆಲಸದ ಕತೆ ಓದಲೇಬೇಕು. ಆಸ್ಪತ್ರೆಯಲ್ಲಿ ಆ ಕಾಗದ ಬರೆಯುವವನು ಮುದಿ ಗುಮಾಸ್ತ ಜೈಲೋಸಿ. ಇಪ್ಪತ್ತು ವರ್ಷದಿಂದ ಅವನದು ಒಂದೇ ಪದ್ಧತಿ. ಫೈಲು ತೆಗೆಯುತ್ತಾನೆ, ಮೊದಲ ಹಾಳೆಯಿಂದ ಕೊನೆಯ ಹಾಳೆಯವರೆಗೆ ಇದ್ದದ್ದೆಲ್ಲ ನಕಲು ಮಾಡುತ್ತಾನೆ, ನಡುನಡುವೆ ಹೊಗಳಿಕೆ ಉದುರಿಸುತ್ತಾನೆ. ದೊಡ್ಡ ಸಾಹೇಬರು ಅದನ್ನು ಸಾವಿನ ಮನೆಯಲ್ಲೇ ಮೊದಲ ಸಲ ಕಣ್ಣಾರೆ ನೋಡುವುದು.

"ಕಾವಲುಗಾರ ಸತ್ತಾಗ ಏನಾಯ್ತು ನೆನಪಿದ್ಯಾ?" ಎಂದಳು ಎನೆಲೇಸಿ. "'ಎರಡು ಬಾರಿ ನಿದ್ದೆ ಮಾಡುವಾಗ ಸಿಕ್ಕಿಬಿದ್ದರೂ ಮೂರನೇ ಬಾರಿ ಸಿಕ್ಕಿಬೀಳಲಿಲ್ಲ' ಅಂತ ಓದಿಬಿಟ್ರು. ಅವನ ಹೆಂಡ್ತಿ ಅಳೋದು ಬಿಟ್ಟು ನಕ್ಕಳು." ಹೇಳುತ್ತ ಎನೆಲೇಸಿಯೂ ನಕ್ಕಳು, ಆ ನಗುವಿಗೆ ಅವಳ ಹೊಟ್ಟೆಯೆಲ್ಲ ನೋಯಿತು. ನೋವು ಇಳಿದ ಮೇಲೆ ತಂಗಿಯ ಮಣಿಕಟ್ಟು ಹಿಡಿದಳು. "ನಾನು ಸತ್ತ ದಿನ ನೀನು ಉಗಿಬೇಡ, ಬೈಬೇಡ. ಅವನ ಬಾಯಿಂದ ಆ ಕಾಗದ ಪೂರ್ತಿ ಓದ್ಸು. ಒಂದು ಸಾಲೂ ಬಿಡಬಾರ್ದು. ಹೆಣದ ಮುಂದೆ ಓದಿದ ಕಾಗದ ಹೆಣದ ಮನೆಯೋರದ್ದು. ವಾಪಸ್ ತಗೊಂಡು ಹೋದ್ರೆ ಸಾವೂ ಜೊತೆಗೆ ಹೋಗುತ್ತೆ, ಅದು ಅವನಿಗೂ ಗೊತ್ತು. ನನ್ನ ಮೇಲೆ ಆಣೆ ಇಡು."

ಫಲೇಸಿ ಆಣೆಯಿಟ್ಟಳು.

* * *

ಮಾವಿನ ಮರದ ಕೆಳಗೆ ಊರೇ ಕೂತಿತ್ತು. ಹೆಂಗಸರು ಒಂದು ಕಡೆ, ಅವರ ನಡುವೆ ತಕೊಂಡ್ವಾ, ಗಂಡಸರು ಒಂದು ಕಡೆ. ಹಿತ್ತಲಲ್ಲಿ ಮೆಕ್ಕೆಜೋಳದ ಮುದ್ದೆ, ನ್ಸೀಮಾ, ಬೇಯುವ ವಾಸನೆ. ಕುಟುಂಬದವರ ಮಾತು, ಚರ್ಚಿನವರ ಮಾತು ಮುಗಿಯುವಷ್ಟರಲ್ಲಿ ಬಿಸಿಲು ನೆತ್ತಿಗೆ ಬಂದಿತ್ತು. ವೈಸನ್ ಗಂಡಸರ ಹಿಂದಿನ ಸಾಲಿನಲ್ಲಿ ಮೊಣಕಾಲ ಮೇಲೆ ಪುಸ್ತಕವಿಟ್ಟುಕೊಂಡಿದ್ದ. ಮುಂದಿನ ತಿಂಗಳು ಕಾರ್ಮಿಕ ಕಚೇರಿಯಲ್ಲಿ ಕೊನೆಯ ವಿಚಾರಣೆ. ಕೈಯಲ್ಲಿ ಒಂದು ಪುರಾವೆಯೂ ಇಲ್ಲ.

ಮ್ಸೋಸಾ ಎದ್ದು ನಿಂತ. ಕಪ್ಪು ಕೋಟು, ಹೊಳೆಯುವ ಬೂಟು. ಒಳ್ಳೆಯ ಪೆಟ್ಟಿಗೆ ತಂದಿದ್ದ, ಮೂರು ಮೂಟೆ ಮೆಕ್ಕೆಜೋಳದ ಹಿಟ್ಟು ತಂದಿದ್ದ, ದೊಡ್ಡ ಹೂಮಾಲೆ ತಂದಿದ್ದ. ಬದುಕಿದ್ದಾಗ ಒಂದು ಸೂಜಿಮದ್ದು ಕೊಡದವರು ಸತ್ತ ಮೇಲೆ ಇಷ್ಟೆಲ್ಲ ತಂದಿದ್ದರು. ಫಲೇಸಿ ಹಲ್ಲು ಕಚ್ಚಿಕೊಂಡು ಕೂತಳು. ಹಿಂದೆ ವಾಹನದ ನೆರಳಲ್ಲಿ ಜೈಲೋಸಿ ತೂಕಡಿಸುತ್ತಿದ್ದ.

ಮ್ಸೋಸಾ ಕೋಟಿನ ಕಿಸೆಯಿಂದ ಕಾಗದ ತೆಗೆದ, ಬಿಸಿಲ ಕಡೆ ಒಮ್ಮೆ ನೋಡಿದ, ಕಾಗದವನ್ನು ಮತ್ತೆ ಮಡಿಸಿದ.

"ಬಂಧುಗಳೇ, ಬಿಸಿಲು ಜೋರಾಗಿದೆ. ಎರಡೇ ಮಾತಲ್ಲಿ ಮುಗಿಸ್ತೀನಿ. ಎನೆಲೇಸಿ ನಮ್ಮ ಆಸ್ಪತ್ರೆಯ ಒಳ್ಳೆಯ ಕೆಲಸಗಾರ್ತಿ..."

ಫಲೇಸಿ ಬೈಯಬಾರದು, ಆಣೆ ಇದೆ. ಬೈಯದೆ ಇವನ ಬಾಯಿ ತೆರೆಸುವುದು ಹೇಗೆ? ಅವಳು ಗೋರಿ ತೋಡುವವರ ಕಡೆ ನೋಡಿದಳು. ಊರಲ್ಲಿ ಅವರನ್ನು ಮೊಮ್ಮಕ್ಕಳು ಎನ್ನುತ್ತಾರೆ, ವಯಸ್ಸೆಷ್ಟೇ ಆಗಿರಲಿ. ಮಣ್ಣಾಗುವ ದಿನ ಅವರ ಮಾತೇ ಮಾತು, ಅವರ ಬಾಯಿಗೆ ಯಾರೂ ಬೀಗ ಹಾಕುವಂತಿಲ್ಲ. ಅವರ ಮುಖಂಡ ಬಿಜ್ವಿಕ್, ಅರವತ್ತು ದಾಟಿದ ಬೋಳುತಲೆಯ 'ಮೊಮ್ಮಗ', ಗುದ್ದಲಿ ಊರಿ ನಿಂತಿದ್ದ. ಫಲೇಸಿ ಅವನಿಗೆ ಏನೂ ಹೇಳಿರಲಿಲ್ಲ. ಈಗ ಎದ್ದು ಅವನ ಬಳಿ ಹೋಗಿ ಕಿವಿಯಲ್ಲಿ ನಾಲ್ಕೇ ಮಾತು ಹೇಳಿದಳು.

ಬಿಜ್ವಿಕ್ ಗುದ್ದಲಿಯನ್ನು ಅಡ್ಡ ಹಾಕಿ ಅದರ ಮೇಲೆ ಕೂತ. ಉಳಿದ ಐವರೂ ಕೂತರು.

"ಸಾಹೇಬ್ರೇ, ನಮಗೆ ಗುಂಡಿ ತೋಡಿ ಕೈ ಬೊಬ್ಬೆ ಬಂದಿದೆ. ನಾವು ಅರ್ಧ ಗುಂಡಿ ತೋಡಿದೀವಾ?"

"ಇಲ್ಲಪ್ಪ," ಎಂದ ಮ್ಸೋಸಾ ನಗಲು ಯತ್ನಿಸುತ್ತ.

"ಮತ್ತೆ ನಿಮ್ಮದ್ಯಾಕೆ ಅರ್ಧ ಮಾತು? ಹತ್ತೊಂಬತ್ತು ವರ್ಷ ದುಡಿದೋಳಿಗೆ ಎರಡು ಮಾತಾ? ಹಾಗಾದ್ರೆ ಕಾಲು ಹೊರಗೆ ಬಿಟ್ಟು ಹೂಳೋಣ್ವಾ?"

ಜನ ನಕ್ಕರು. ಸಾವಿನ ಮನೆಯಲ್ಲಿ ಮೊಮ್ಮಕ್ಕಳ ಮಾತಿಗೆ ನಗುವುದು ತಪ್ಪಲ್ಲ.

"ಕಾಗದ ಪೂರ್ತಿ ಓದಿ. ಅಲ್ಲಿವರೆಗೂ ಪೆಟ್ಟಿಗೆ ಎತ್ತಲ್ಲ. ನಮಗೇನು, ಸಂಜೆವರೆಗೂ ಕೂತಿರ್ತೀವಿ."

"ಓದಿಬಿಡಿ," ಎಂದ ಊರ ಮುಖ್ಯಸ್ಥ, ಕುರ್ಚಿಯಿಂದ ಅಲ್ಲಾಡದೆ. "ಪದ್ಧತಿ ಅಲ್ವಾ."

ಮ್ಸೋಸಾ ಬೆವರೊರೆಸಿಕೊಂಡು ಕಾಗದ ಬಿಚ್ಚಿದ. ಬೇಗ ಮುಗಿಸಿಬಿಡಬೇಕೆಂದು ಉಸಿರೂ ಬಿಡದೆ ಓದತೊಡಗಿದ. ಕೆಲಸಕ್ಕೆ ಸೇರಿದ ದಿನ ಓದಿದ. ಸಮವಸ್ತ್ರ ಎರಡು ಜೊತೆ ಪಡೆದದ್ದು ಓದಿದ. ಒಮ್ಮೆ ತಡವಾಗಿ ಬಂದದ್ದಕ್ಕೆ ಎಚ್ಚರಿಕೆ ಪಡೆದದ್ದನ್ನೂ ಓದಿದ. ಚರ್ಚಿನ ಹೆಂಗಸರು ಪ್ರತಿ ಸಾಲಿಗೂ ಹೂಂ ಎನ್ನುತ್ತಿದ್ದರು. ಫಲೇಸಿ ಕಂಕುಳಿನ ಬೆಡ್‌ಶೀಟನ್ನು ಅವುಚಿ ಹಿಡಿದುಕೊಂಡಿದ್ದಳು.

"...ಅದೇ ವರ್ಷ ಜೂನ್ ಹನ್ನೆರಡರಂದು, ಹೆರಿಗೆ ವಾರ್ಡಿನ ಬಟ್ಟೆ ಒಗೆಯುವಾಗ, ಬೆಡ್‌ಶೀಟಿನಲ್ಲಿ ಉಳಿದಿದ್ದ ಬಳಸಿದ ಸೂಜಿ ಬಲಗೈ ಅಂಗೈಗೆ ಚುಚ್ಚಿ ರಕ್ತ ಬಂದು, ಮೇಟ್ರನ್ ಅವರಿಗೆ ವರದಿ..."

ಬಾಯಿ ನಿಂತಿತು. ಅವನ ಕಣ್ಣು ಮಾತ್ರ ಕಾಗದದ ಮೇಲೆ ಮುಂದಕ್ಕೆ ಓಡುತ್ತಿತ್ತು. ಹೆಂಗಸರ ಹೂಂಗುಟ್ಟುವಿಕೆಯೂ ನಿಂತಿತು. ಈ ಊರಲ್ಲಿ ಆ ಸುಳ್ಳಿನ ಪತ್ರದ ಸುದ್ದಿ ಗೊತ್ತಿಲ್ಲದವರು ಯಾರೂ ಇರಲಿಲ್ಲ. ನಡತೆ ಎಂಬ ಆ ಮಾತನ್ನು ನಲ್ಲಿಯ ಹತ್ತಿರ ಪಿಸುಗುಟ್ಟಿದವರೂ ಅಲ್ಲೇ ಕೂತಿದ್ದರು.

ಫಲೇಸಿ ಎದ್ದು ನಿಂತಳು. ಅವಳ ಧ್ವನಿ ಅವಳಿಗೇ ಅಚ್ಚರಿಯಾಗುವಷ್ಟು ಮೆತ್ತಗಿತ್ತು.

"ಇನ್ನೊಂದ್ಸಲ ಓದಿ ಸಾಹೇಬ್ರೇ. ಹಿಂದೆ ಕೂತೋರಿಗೆ ಕೇಳಿಸ್ಲಿಲ್ಲ."

"ಇದು... ಗುಮಾಸ್ತರ ಕೈತಪ್ಪು..."

"ತಪ್ಪೋ ಒಪ್ಪೋ, ಬರೆದಿರೋದನ್ನ ಓದಿ," ಎಂದ ಬಿಜ್ವಿಕ್. "ಗುಂಡಿ ಕಾಯ್ತಿದೆ. ಯಾರಿಗೆ ಅಂತ ಅದಕ್ಕೇನು ಗೊತ್ತು?"

ಈ ಸಲ ಯಾರೂ ನಗಲಿಲ್ಲ. ಇನ್ನೂರು ಜನ ಮ್ಸೋಸಾನ ಬಾಯನ್ನೇ ನೋಡುತ್ತಿದ್ದರು. ಅವನು ಜೂನ್ ಹನ್ನೆರಡರಿಂದ ಮತ್ತೆ ಓದಿದ. ಸೂಜಿ ಚುಚ್ಚಿದ್ದು ಓದಿದ, ವರದಿಯಾದದ್ದು ಓದಿದ. "ಆದರೂ ಒಂದು ದಿನವೂ ರಜೆ ಕೇಳದೆ ಮರುದಿನ ಬೆಳಿಗ್ಗೆ ಆರಕ್ಕೆ ಕೆಲಸಕ್ಕೆ ಹಾಜರಾದ ಈ ತಾಯಿ ನಮಗೆಲ್ಲ ಮಾದರಿ" ಎಂಬ ಜೈಲೋಸಿಯ ಹೊಗಳಿಕೆಯನ್ನೂ ಓದಿದ. ವೈಸನ್‌ನ ಪೆನ್ನು ಓಡುತ್ತಿತ್ತು.

ಓದು ಮುಗಿದ ಕೂಡಲೇ ಮ್ಸೋಸಾನ ಕೈ ಕಿಸೆಯ ಕಡೆ ಸರಿಯಿತು. ಮುಖ್ಯಸ್ಥ ಕುರ್ಚಿಯಿಂದಲೇ ಅಂಗೈ ಚಾಚಿದ.

"ಕಾಗದ ಮನೆಯೋರಿಗೆ ಸೇರ್ಬೇಕು. ಸಾವನ್ನ ಕಿಸೇಲಿಟ್ಟುಕೊಂಡು ಮಕ್ಕಳಿರೋ ಮನೆಗೆ ಹೋಗ್ತೀರಾ?"

ಕಾಗದ ಕೈಯಿಂದ ಕೈಗೆ ದಾಟಿ ಫಲೇಸಿಗೆ ಬಂತು, ಅವಳಿಂದ ವೈಸನ್‌ಗೆ. ಅವನು ಅದನ್ನು ಪುಸ್ತಕದೊಳಗಿಟ್ಟು ಪುಸ್ತಕದ ಮೇಲೆ ಕೂತುಬಿಟ್ಟ. ಮೊಮ್ಮಕ್ಕಳು ಎದ್ದು ಪೆಟ್ಟಿಗೆ ಎತ್ತಿದರು.

ಮಣ್ಣು ಬೀಳುವಾಗ ಮಾತ್ರ ಫಲೇಸಿ ಅತ್ತಳು. ಗೆದ್ದೆ ಎಂದು ಯಾರಿಗೆ ಹೇಳಬೇಕೋ ಅವಳಿಗೆ ಕೇಳಿಸದು ಎಂದು ಬಿಕ್ಕಿದಳು. ಅಷ್ಟು ಅತ್ತರೂ ಸಿಟ್ಟು ಆರಲಿಲ್ಲ. ಕಂಕುಳಲ್ಲಿ ಬೆಡ್‌ಶೀಟು ಹಾಗೇ ಇತ್ತು.

ಊಟಕ್ಕೂ ನಿಲ್ಲದೆ ಮ್ಸೋಸಾ ವಾಹನದ ಕಡೆ ನಡೆದ. ಫಲೇಸಿ ಅಡ್ಡ ನಿಂತಳು. ಸುತ್ತ ಜನ ಸೇರಿದರು.

"ಒಂದು ಮರೆತ್ರಿ ಸಾಹೇಬ್ರೇ. ಆಸ್ಪತ್ರೆ ಸಾಮಾನು, ನಮಗ್ಯಾಕೆ?" ಬೆಡ್‌ಶೀಟನ್ನು ಅವನ ಎರಡೂ ಅಂಗೈಗಳ ಮೇಲಿಟ್ಟಳು. "ಹೆರಿಗೆ ವಾರ್ಡಿನದು. ನಮ್ಮಕ್ಕ ಮಡಿಸ್ತಿದ್ದ ಹಾಗೇ ಮಡಿಸಿದೀನಿ. ಗಟ್ಟಿಯಾಗಿ ಹಿಡ್ಕೊಳ್ಳಿ."

ಅವನ ಬೆರಳುಗಳು ಮುಚ್ಚಿಕೊಳ್ಳಲು ಬಂದವು, ಅರ್ಧದಲ್ಲೇ ನಿಂತವು. ಬಟ್ಟೆಯನ್ನು ನೋಡಿದ, ಫಲೇಸಿಯ ಮುಖ ನೋಡಿದ. "ನಿಮ್ಮ ಬಟ್ಟೇಲಿ ಸೂಜಿ ಉಳಿಯೋದು ಸಾಧ್ಯವೇ ಇಲ್ಲ ಅಂತ ನೀವೇ ಬರೆದಿದ್ರಲ್ಲ," ಎಂದಳು. ಬಿಜ್ವಿಕ್ ವಾಹನದ ಬಾಗಿಲಿಗೆ ಒರಗಿ ನಿಂತಿದ್ದ, ಸರಿಯುವ ಲಕ್ಷಣವಿರಲಿಲ್ಲ.

ಮ್ಸೋಸಾ ಬೆಡ್‌ಶೀಟನ್ನು ಮೆಲ್ಲಗೆ ವಾಹನದ ಬಾನೆಟ್ಟಿನ ಮೇಲಿಟ್ಟ. ಕಿಸೆಯಿಂದ ಪೆನ್ನು ತೆಗೆದು ಅದರ ತುದಿಯಿಂದ ಮೊದಲ ಮಡಿಕೆ ಎತ್ತಿ ಇಣುಕಿದ. ಆಮೇಲೆ ಎರಡನೆಯದು. ಊರೆಲ್ಲ ನೋಡುತ್ತಿರುವಂತೆ, ಬಿಸಿಲಲ್ಲಿ ಬಗ್ಗಿ, ಬಟ್ಟೆಗೆ ಕೈ ತಾಗಿಸದೆ, ಮೂರನೆಯ ಮಡಿಕೆಯೊಳಕ್ಕೆ ಪೆನ್ನು ತೂರಿಸಿದ.